ಸರೋಜ ಸಿಸ್ಟರ್ ಮನೆಯ ಹಲಸಿನ ಗೋಡೆ

2019ರ ಆರಂಭದಲ್ಲಿ ನನಗೆ ಐವತ್ತಾರು ವರ್ಷ. ತುಮಕೂರಿನಲ್ಲಿ ಸ್ವಂತ ಆಫೀಸು ಇಟ್ಟುಕೊಂಡು, ಮನೆಗಳ ಪ್ಲಾನ್ ಬರೆದು, ಲೈಸೆನ್ಸ್ ಮಾಡಿಸಿ, ಕಟ್ಟಡ ಮುಗಿಯುವ ತನಕ ಉಸ್ತುವಾರಿ ನೋಡುವ ಸಿವಿಲ್ ಇಂಜಿನಿಯರ್ ಕೆಲಸದಲ್ಲಿ ಆಗಲೇ ಇಪ್ಪತ್ತೊಂಬತ್ತು ವರ್ಷ ಕಳೆದಿದ್ದೆ. ತುಮಕೂರು, ಗುಬ್ಬಿ, ಕುಣಿಗಲ್ ಈ ಮೂರು ಊರುಗಳಲ್ಲಿ ನಾನು ಗೆರೆ ಎಳೆದ ಮನೆಗಳು ಇನ್ನೂರಕ್ಕೂ ಹೆಚ್ಚು. ಅವುಗಳಲ್ಲಿ ಒಂದೂ ಬಿರುಕು ಬಿಟ್ಟಿಲ್ಲ, ಒಂದೂ ಸೋರಿಲ್ಲ ಎಂದರೆ ಯಾರೂ ನಂಬುವುದಿಲ್ಲ, ನಂಬಲೂಬಾರದು. ಆದರೆ ಬರೀ ನನ್ನ ಕೆಟ್ಟ ಬುದ್ಧಿಯಿಂದಲೇ ಹಾಳಾದ ಗೋಡೆ ಒಂದೇ ಒಂದು. ಅದು ಕುಣಿಗಲ್‌ನಲ್ಲಿದೆ.

ಅದರ ಕಥೆ ಹೇಳುವ ಮೊದಲು ನಯಾಜ್ ಮೇಸ್ತ್ರಿಯ ವಿಷಯ ಹೇಳಬೇಕು. ನಯಾಜ್ ಕುಣಿಗಲ್‌ನ ಬಡಗಿ. ನನಗಿಂತ ಎರಡು ವರ್ಷ ಚಿಕ್ಕವನು, ಓದಿದ್ದು ನಾಲ್ಕನೇ ಕ್ಲಾಸು. ನನ್ನ ಮನೆಗಳ ಬಾಗಿಲು ಕಿಟಕಿಗಳಲ್ಲಿ ಮುಕ್ಕಾಲು ಪಾಲು ಅವನ ಕೈಯಲ್ಲಿ ಆದವು. ಒಳ್ಳೆಯ ಕೆಲಸಗಾರ ಎಂದು ನಾನೇ ಹತ್ತಾರು ಜನಕ್ಕೆ ಪರಿಚಯ ಮಾಡಿಕೊಟ್ಟವನು. ಅಲ್ಲೇ ನನ್ನ ಕಷ್ಟ ಶುರುವಾದದ್ದು. ಗುಬ್ಬಿಯಲ್ಲಿ ಒಬ್ಬ ಕೊಬ್ಬರಿ ವ್ಯಾಪಾರಿಗೆ ಮನೆ ಕಟ್ಟಿಸಿಕೊಟ್ಟೆ. ಪಾಯ ನನ್ನದು, ಪಿಲ್ಲರ್ ನನ್ನದು, ಗಾಳಿ ಬೆಳಕಿನ ಲೆಕ್ಕ ನನ್ನದು. ಗೃಹಪ್ರವೇಶದ ದಿನ ಬಂದ ನೆಂಟರೆಲ್ಲ ಮುಂಬಾಗಿಲ ಮುಂದೆ ನಿಂತು ಅದರ ಮೇಲೆ ಕೈಯಾಡಿಸಿದರು. ಒಂದು ವರ್ಷದ ಮೇಲೆ ಅದೇ ಬೀದಿಯಲ್ಲಿ ವಿಳಾಸ ಕೇಳಿದರೆ ಅಂಗಡಿಯವನು ಅಂದದ್ದು, ‘ಓ, ನಯಾಜ್ ಮೇಸ್ತ್ರಿ ಮನೆನಾ? ಸೀದಾ ಹೋಗಿ.’ ಮನೆಯಲ್ಲಿ ನಯಾಜ್ ಒಂದು ದಿನವೂ ಮಲಗಿಲ್ಲ, ಆದರೂ ಅದು ಅವನ ಮನೆ! ಇಂಥವು ಹತ್ತು ಹನ್ನೆರಡು ಆದವು. ನನ್ನ ಹೆಸರಿನಲ್ಲಿ ಒಂದು ಮನೆಯೂ ಇರಲಿಲ್ಲ.

ಹೊಟ್ಟೆಕಿಚ್ಚು ಎಂಬ ಪದವನ್ನು ನಾನು ಆಗ ಒಪ್ಪುತ್ತಿರಲಿಲ್ಲ. ‘ಅವನಿಗೆ ಸ್ವಲ್ಪ ಜಂಬ ಬಂದಿದೆ’ ಎನ್ನುತ್ತಿದ್ದೆ. ನನ್ನ ಹೆಂಡತಿ ಮಾತ್ರ ನಗುತ್ತಿದ್ದಳು. “ನಿಮ್ಗೆ ಗ್ಯಾಸ್ಟ್ರಿಕ್ ಆಗಿರೋದು ಹೋಟ್ಲು ಊಟದಿಂದ ಅಲ್ಲ ಕಣ್ರೀ, ಆ ಮೇಸ್ತ್ರಿಯಿಂದ,” ಎಂದು ಒಮ್ಮೆ ಅಂದೇಬಿಟ್ಟಳು. ಎರಡು ದಿನ ನಾನು ಅವಳ ಜೊತೆ ಸರಿಯಾಗಿ ಮಾತಾಡಲಿಲ್ಲ.

ಇಂಥ ಹೊತ್ತಿನಲ್ಲಿ ಬಂದದ್ದು ಸರೋಜ ಸಿಸ್ಟರ್ ಅವರ ಮನೆಯ ಕೆಲಸ. ಸರೋಜಮ್ಮ ಸ್ಟಾಫ್ ನರ್ಸ್. ಇಪ್ಪತ್ತಾರು ವರ್ಷ ಕ್ವಾರ್ಟರ್ಸ್, ಬಾಡಿಗೆ ಮನೆ ಎಂದು ಕಳೆದವರು. ಗಂಡ ತೀರಿಕೊಂಡಿದ್ದರು, ಒಬ್ಬಳೇ ಮಗಳು ಮದುವೆಯಾಗಿ ಹೆಬ್ಬೂರಿನಲ್ಲಿದ್ದಳು. ಕುಣಿಗಲ್‌ನ ಅಂಚಿನಲ್ಲಿ, ಹುಲಿಯೂರುದುರ್ಗದ ಕಡೆಗೆ ಹೋಗುವ ರಸ್ತೆಯ ಹತ್ತಿರ, ಅವರದೊಂದು ನಲವತ್ತು ಅರವತ್ತರ ಸೈಟು. ಸೈಟಿನ ನಟ್ಟನಡುವೆ ಒಂದು ಹಲಸಿನ ಮರ. ಇಬ್ಬರು ಕೈ ಚಾಚಿದರೂ ತಬ್ಬಲಾಗದಷ್ಟು ದಪ್ಪ. ಸಿಸ್ಟರ್ ಸೈಟು ತೆಗೆದುಕೊಂಡ ದಿನದಿಂದ ರಜೆ ಇದ್ದಾಗಲೆಲ್ಲ ಬುತ್ತಿ ಕಟ್ಟಿಕೊಂಡು ಬಂದು ಅದರ ಕೆಳಗೆ ಕೂತು ಹೋಗುತ್ತಿದ್ದರಂತೆ. ಹಣ್ಣಿನ ಕಾಲದಲ್ಲಿ ಆಸ್ಪತ್ರೆಯ ವಾರ್ಡಿಗೆಲ್ಲ ಅದರದ್ದೇ ತೊಳೆ.

ಮರ ಉಳಿಸಲು ನಾನು ನಾಲ್ಕು ಪ್ಲಾನ್ ಬರೆದೆ, ಇದನ್ನು ಮಾತ್ರ ಹೆಮ್ಮೆಯಿಂದ ಹೇಳಬಲ್ಲೆ. ಆದರೆ ಹಲಸಿನ ಬೇರು ಪಾಯದ ಒಳಗೆ ಬಂದೇ ಬರುತ್ತಿತ್ತು. ಕೊನೆಗೆ ಸಿಸ್ಟರ್ ಕಣ್ಣು ಒರೆಸಿಕೊಂಡು ಒಪ್ಪಿದರು. ಒಂದೇ ಒಂದು ಷರತ್ತು ಹಾಕಿದರು.

“ಮಂಚ ಗಿಂಚ ಮಾಡಿ ಒಳಗೆ ಇಡೋದು ಬೇಡ ಸಾರ್. ಆ ಮರ ಮನೆ ಮುಂದೇನೇ ನಿಂತಿರ್ಬೇಕು. ಗೇಟ್ ತೆಗೆದ್ರೆ ನಂಗೆ ಅದು ಕಾಣ್ಬೇಕು.”

ಅಂದರೆ ಮುಂದಿನ ಗೋಡೆಯ ಹೊರಮೈಗೆ ಹಲಸಿನ ಹಲಗೆ ಹೊದಿಸಬೇಕು. ನಮ್ಮ ಭಾಷೆಯಲ್ಲಿ ಇದಕ್ಕೆ ವುಡ್ ಕ್ಲ್ಯಾಡಿಂಗ್ ಎನ್ನುತ್ತೇವೆ. ಇಟ್ಟಿಗೆ ಗೋಡೆಯ ಮೇಲೆ ಅಡ್ಡಡ್ಡ ಹಲಗೆಗಳು, ಮೇಲಿನದು ಕೆಳಗಿನದರ ಮೇಲೆ ಒಂದಿಂಚು ಕೂರುವಂತೆ. ಮಳೆ ನೀರು ಒಳಗೆ ನುಗ್ಗದೆ ಹಾಗೇ ಜಾರಿಹೋಗುತ್ತದೆ. ನಮ್ಮ ಕಡೆ ಯಾರೂ ನಿಜವಾದ ಮರ ಹಾಕಿಸುವುದಿಲ್ಲ. ಮರದಂತೆ ಕಾಣುವ ಶೀಟು, ಮರದ ಬಣ್ಣದ ಟೈಲ್ಸ್ ಅಂಟಿಸುತ್ತಾರೆ. ನಾನೂ ಮೊದಲು ಅದನ್ನೇ ಹೇಳಿದೆ. ಮರವೇ ಬೇಕೆಂದರೆ ಹೊರದೇಶದ ಪೈನ್ ಸಿಗುತ್ತದೆ ಎಂದೆ. ತೇಗದ ಮಾತೂ ಆಡಿದೆ. ಹಿತ್ತಲ ಗಿಡ ಮದ್ದಲ್ಲ ಎನ್ನುವ ಹಾಗೆ, ಎದುರಿಗೇ ಇದ್ದ ಹಲಸು ನನ್ನ ಕಣ್ಣಿಗೆ ಬೀಳಲಿಲ್ಲ. ಹಲಸಿನ ಚೇಗು, ಅಂದರೆ ಮರದ ಒಳಗಿನ ಗಟ್ಟಿ ಭಾಗ, ಬಿಸಿಲು ಮಳೆಗೆ ಚೆನ್ನಾಗಿ ತಡೆಯುತ್ತದೆ ಎಂದು ನನ್ನೆದುರೇ ಸಿಸ್ಟರ್‌ಗೆ ಹೇಳಿದವನು ನಯಾಜ್.

“ಮೊದ್ಲು ಅರಿಶಿನದ ಬಣ್ಣ ಇರ್ತದೆ ಸಿಸ್ಟರ್. ಬಿಸ್ಲು ಕಂಡ್ ಕಂಡಂಗೆ ಬೆಲ್ಲದ ಬಣ್ಣಕ್ಕೆ ತಿರುಗ್ತದೆ. ಚೆನ್ನಾಗಿ ಒಣಗಿಸಿಬುಟ್ರೆ ನಮ್ ಕಾಲಕ್ಕಂತೂ ಏನೂ ಆಗಲ್ಲ.”

ಸಿಸ್ಟರ್ ಮುಖ ಅರಳಿತು. ಮೂರು ವಾರದಿಂದ ನಾನು ಲ್ಯಾಪ್‌ಟಾಪ್‌ನಲ್ಲಿ ತೋರಿಸಿದ ಒಂದು ಚಿತ್ರಕ್ಕೂ ಆ ಮುಖ ಹಾಗೆ ಅರಳಿರಲಿಲ್ಲ. ನನ್ನೊಳಗೆ ಚುರುಕ್ ಎಂದಿತು.

ಅರಣ್ಯ ಇಲಾಖೆಯ ಅನುಮತಿ ಸಿಕ್ಕಿದ್ದು ಸಂಕ್ರಾಂತಿಯ ನಂತರ. ಮರವನ್ನು ಅಮಾವಾಸ್ಯೆಯ ಹಿಂದಿನ ದಿನಗಳಲ್ಲೇ ಕಡಿಯಬೇಕು, ಹುಳ ಬೀಳುವುದಿಲ್ಲ ಎಂದ ನಯಾಜ್. ಕಡಿದ ದಿಮ್ಮಿಗಳನ್ನು ಕೊತ್ತಗೆರೆಯ ಒಬ್ಬ ಪರಿಚಯದ ರೈತರ ಹೊಂಡದಲ್ಲಿ ಸುಮಾರು ಎರಡು ತಿಂಗಳು ಮುಳುಗಿಸಿಟ್ಟ. ಮರದ ರಸ ನೀರಿಗೆ ಇಳಿದುಹೋದರೆ ಹುಳಕ್ಕೆ ತಿನ್ನಲು ಏನೂ ಉಳಿಯುವುದಿಲ್ಲ ಎಂಬುದು ಹಳೆಯ ಬಡಗಿಗಳ ಲೆಕ್ಕ. “ಒಣಗಿಸೋ ಮರಾನ ನೀರಿಗೆ ಹಾಕ್ತೀಯಲ್ಲೋ,” ಎಂದು ನಾನು ಎಲ್ಲರೆದುರು ನಕ್ಕೆ. ಏಪ್ರಿಲ್ ಮಧ್ಯದಲ್ಲಿ ಸಾಮಿಲ್‌ನಲ್ಲಿ ಕುಯ್ಯಿಸಿದೆವು. ಏಳೂವರೆ ಅಡಿ ಉದ್ದ, ಐದಿಂಚು ಅಗಲ, ಒಂದಿಂಚು ದಪ್ಪದ ಹಲಗೆಗಳು ಒಟ್ಟು ನೂರಹತ್ತು ಬಂದವು. ಆಮೇಲೆ ಅವನು ಎಲ್ಲವನ್ನೂ ತನ್ನ ಶೆಡ್ಡಿಗೆ ಒಯ್ದು, ಹಲಗೆ ಹಲಗೆಯ ನಡುವೆ ರೀಪರ್ ಇಟ್ಟು ಗಾಳಿಯಾಡುವಂತೆ ಪೇರಿಸಿದ. ರೀಪರ್ ಅಂದರೆ ಸಣ್ಣ ಮರದ ಪಟ್ಟಿ.

ಜೂನ್ ಬಂತು. ಸಿಸ್ಟರ್ ಮಗಳು ಆಗ ಏಳು ತಿಂಗಳ ಬಸುರಿ. ಹೆರಿಗೆಗೆ ತಾಯಿಯ ಹೊಸ ಮನೆಗೇ ಬರಬೇಕು ಎಂಬುದು ಸಿಸ್ಟರ್ ಆಸೆ. ಜುಲೈ ಮೊದಲ ವಾರಕ್ಕೆ ಆಷಾಢ ಹಿಡಿಯುತ್ತಿತ್ತು. ಆಷಾಢದಲ್ಲಿ ನಮ್ಮಲ್ಲಿ ಗೃಹಪ್ರವೇಶ ಇಲ್ಲ. ಹಾಗಾಗಿ ಜೂನ್ ಕೊನೆಯ ವಾರಕ್ಕೆ ಮುಹೂರ್ತ ಇಟ್ಟರು. ನಯಾಜ್ ಸೈಟಿಗೆ ಬಂದು ಮೆಲ್ಲಗೆ ಅಂದ:

“ಮನೆಗೆ ಹೋಗಿಬುಡಿ ಸಿಸ್ಟರ್, ಅದ್ಕೇನು. ಮುಂದಿನ ಗೋಡೆ ಮಾತ್ರ ಬರೀ ಪ್ಲಾಸ್ಟರ್ ಇರ್ಲಿ. ಹಲಗೆ ಇನ್ನೂ ಒಣಗಿಲ್ಲ. ಗೋಡೆನೂ ಒಣಗಿಲ್ಲ. ದೀಪಾವಳಿ ಕಳೀಲಿ, ನಾನೇ ಬಂದು ಹೊಡ್ಕೊಡ್ತೀನಿ.”

ಈಗ ಯೋಚಿಸಿದರೆ ಅದಕ್ಕಿಂತ ಸರಿಯಾದ ಮಾತು ಇರಲಿಲ್ಲ. ಪ್ಲಾಸ್ಟರ್ ಮುಗಿದು ಮೂರು ವಾರ ಆಗಿತ್ತಷ್ಟೆ. ಕ್ಯೂರಿಂಗ್ ಎಂದು ಹತ್ತು ದಿನ ಗೋಡೆಗೆ ನೀರು ಹೊಡೆದವನು ನಾನೇ. ಅದೇ ಮಾತನ್ನು ನಾನು ಹೇಳಿದ್ದರೆ ಇಂಜಿನಿಯರ್ ಎಷ್ಟು ಮುಂದಾಲೋಚನೆ ಉಳ್ಳವನು ಎಂದು ನಾನೇ ನನ್ನ ಬೆನ್ನು ತಟ್ಟಿಕೊಳ್ಳುತ್ತಿದ್ದೆ. ಆದರೆ ಹೇಳಿದವನು ನಯಾಜ್. ಸಿಸ್ಟರ್ ತಲೆ ಆಡಿಸಿದ್ದೂ ಅವನ ಮಾತಿಗೆ. ಗೃಹಪ್ರವೇಶಕ್ಕೆ ಬರುವ ಮುನ್ನೂರು ಜನ ಮುಂದಿನ ಗೋಡೆಯನ್ನೇ ನೋಡುತ್ತಾರೆ. ಆ ದಿನ ಅದು ಬರೀ ಸಿಮೆಂಟಿನ ಗೋಡೆಯಾಗಿದ್ದು, ಹಲಗೆ ಮಾತ್ರ ದೀಪಾವಳಿಯ ನಂತರ ‘ನಯಾಜ್ ಮೇಸ್ತ್ರಿ ಗೋಡೆ’ಯಾಗಿ ಮೇಲೇಳುತ್ತದೆ ಎಂಬ ಯೋಚನೆಗೇ ನನ್ನ ಮೈ ಉರಿಯಿತು.

ನಾನು ಹಿಂದಿನ ತಿಂಗಳಷ್ಟೇ ಆನ್‌ಲೈನ್‌ನಲ್ಲಿ ಒಂದು ಮಾಯಿಶ್ಚರ್ ಮೀಟರ್ ತರಿಸಿದ್ದೆ. ಮೊಬೈಲ್‌ನಷ್ಟು ದೊಡ್ಡದು, ತುದಿಯಲ್ಲಿ ಎರಡು ಮುಳ್ಳು. ಮುಳ್ಳನ್ನು ಮರಕ್ಕೆ ಚುಚ್ಚಿದರೆ ಅದರಲ್ಲಿ ಶೇಕಡಾ ಎಷ್ಟು ತೇವ ಇದೆ ಎಂದು ಅಂಕಿ ತೋರಿಸುತ್ತದೆ. ನಮ್ಮ ಹವೆಗೆ ಹನ್ನೆರಡು ಹದಿಮೂರು ಇದ್ದರೆ ಹೊರಗೋಡೆಗೆ ಹಾಕಬಹುದು. ಅದನ್ನು ತರಿಸಿದ್ದೇ ನಯಾಜ್‌ನ ಮುಂದೆ ತೋರಿಸಲಿಕ್ಕೆ ಎಂದು ಬೇರೆ ಹೇಳಬೇಕಾಗಿಲ್ಲ. ಅವನ ಶೆಡ್ಡಿನಲ್ಲೇ, ಸಿಸ್ಟರ್ ಎದುರಿಗೇ, ಒಂದು ಹಲಗೆಗೆ ಚುಚ್ಚಿದೆ. ಹದಿಮೂರು. ಇನ್ನೊಂದಕ್ಕೆ ಚುಚ್ಚಿದೆ. ಹದಿಮೂರೂವರೆ.

ನಯಾಜ್ ಆ ಹಲಗೆಯನ್ನು ಎತ್ತಿ ಕೆನ್ನೆಗೆ ಒತ್ತಿಕೊಂಡ. ಬೆರಳಿನ ಗೆಣ್ಣಿನಿಂದ ತಟ್ಟಿ ಕಿವಿಗೊಟ್ಟ.

“ಇನ್ನೂ ತಣ್ಣಗೈತೆ ಸಾರ್. ಒಳಗೆ ನೀರೈತೆ.”

“ನಿನ್ನ ಕೆನ್ನೆ ನಂಬಲೋ, ಮಷಿನ್ ನಂಬಲೋ? ಮಷಿನ್ ಸುಳ್ಳು ಹೇಳಲ್ಲ ಕಣಯ್ಯಾ,” ಎಂದೆ. ಸಿಸ್ಟರ್ ಕಡೆ ತಿರುಗಿ, “ಜವಾಬ್ದಾರಿ ನಂದು. ಮುಹೂರ್ತದ ದಿನ ನಿಮ್ಮ ಮರ ನಿಮ್ಮ ಮನೆ ಮುಂದೆ ಇರುತ್ತೆ,” ಎಂದುಬಿಟ್ಟೆ. ಸಿಸ್ಟರ್ ಒಂದು ಕ್ಷಣ ನಯಾಜ್‌ನ ಮುಖ ನೋಡಿದರು. ಅವನು ನೆಲ ನೋಡುತ್ತಿದ್ದ. “ನೀವು ಹೇಳ್ದಂಗೇ ಆಗ್ಲಿ ಸಾರ್,” ಎಂದರು.

ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುತ್ತಾರೆ. ಅದರ ಜೊತೆಗೆ ಮತ್ಸರವೂ ಸೇರಿದರೆ ಇರುವ ಬುದ್ಧಿಯೂ ಹೋಗುತ್ತದೆ. ಗೋಡೆಗೆ ಮೊದಲು ರೀಪರ್ ಹೊಡೆದು ಅದರ ಮೇಲೆ ಹಲಗೆ ಕೂರಿಸಿದರೆ ಹಿಂದೆ ಒಂದಿಂಚು ಗಾಳಿಯಾಡುತ್ತದೆ ಎಂದು ನಯಾಜ್ ಅಂದಿದ್ದ. ನಾನು ಬೇಡವೆಂದು ಗಮ್ ಹಾಕಿ ನೇರ ಪ್ಲಾಸ್ಟರ್‌ಗೇ ಸ್ಕ್ರೂ ಮಾಡಿಸಿದೆ. ಮಳೆಯ ಎರಚಲು ಬೀಳುತ್ತದೆ, ಕೆಳಗೆ ಒಂದೂವರೆ ಅಡಿ ಕಲ್ಲು ಹಾಕಿಸಿ ಎಂದಿದ್ದ. ನನ್ನ ಚಿತ್ರದಲ್ಲಿ ಹಲಗೆ ನೆಲದವರೆಗೂ ಇತ್ತು, ನೆಲದವರೆಗೂ ಇಳಿಸಿದೆ. ಅವನನ್ನು ಒಳಗಿನ ಬಾಗಿಲುಗಳ ಕೆಲಸಕ್ಕೆ ಹಾಕಿ, ಗೋಡೆಗೆ ತುಮಕೂರಿನಿಂದ ಬೇರೆ ಗುಂಪು ಕರೆಸಿದೆ. ಅವನು ಹೇಳದಿದ್ದರೆ ರೀಪರ್ ನಾನೇ ಹಾಕಿಸುತ್ತಿದ್ದೆನೇನೋ. ಹೇಳಿದ್ದರಿಂದ ಹಾಕಿಸಲಿಲ್ಲ.

ಇನ್ನೊಂದು ನಡೆಯಿತು. ಶೆಡ್ಡಿನಿಂದ ಸೈಟಿಗೆ ಬಂದ ಹಲಗೆ ಎಣಿಸಿದರೆ ಎಂಬತ್ತಾರೇ ಇದ್ದವು. ಇಪ್ಪತ್ನಾಲ್ಕು ಇಲ್ಲ. ಗೋಡೆಗೆ ಕಿಟಕಿ ಕಳೆದು ಎಂಬತ್ನಾಲ್ಕು ಸಾಕಾಗಿತ್ತು, ಕೆಲಸ ನಿಲ್ಲಲಿಲ್ಲ. ನಯಾಜ್ ಏನೋ ಹೇಳಲು ಬಂದಿದ್ದ. ನಾನು ಫೋನ್‌ನಲ್ಲಿದ್ದೆ, ಕೈ ಬೀಸಿ ಕಳಿಸಿದೆ. ಆಮೇಲೆ ನಾನಾಗಿ ಕೇಳಲಿಲ್ಲ. ಇಪ್ಪತ್ನಾಲ್ಕು ಹಲಗೆ ಅವನ ಹತ್ತಿರ ಉಳಿದಿದೆ ಎಂಬುದನ್ನು ಮನಸ್ಸಿನಲ್ಲಿ ಗುರುತು ಹಾಕಿಕೊಂಡೆ. ಯಾವತ್ತಾದರೂ ಬೇಕಾಗಬಹುದು ಎಂದು.

ಗೃಹಪ್ರವೇಶದ ದಿನ ನನ್ನದು. ಅರಿಶಿನ ಬಣ್ಣದ ಗೋಡೆ ಪಾಲಿಶ್ ಹೊಡೆಸಿಕೊಂಡು ಬೆಳಗಿನ ಬೆಳಕಿನಲ್ಲಿ ಬೆಳಗುತ್ತಿತ್ತು. ಸಿಸ್ಟರ್ ಕಳಶ ಹಿಡಿದು ಒಳಗೆ ಹೋಗುವ ಮೊದಲು ಹಲಗೆಗೆ ಅರಿಶಿನ ಕುಂಕುಮ ಹಚ್ಚಿ ಹಣೆ ತಾಗಿಸಿದರು. ಆಸ್ಪತ್ರೆಯವರೆಲ್ಲ ಅದರ ಮುಂದೆ ಫೋಟೋ ತೆಗೆಸಿಕೊಂಡರು. “ಯಾರು ಮಾಡಿದ್ದು?” ಎಂದು ಕೇಳಿದವರಿಗೆ ಸಿಸ್ಟರ್ ನನ್ನ ಕಡೆ ಕೈ ತೋರಿಸಿದರು. “ನಮ್ ಇಂಜಿನಿಯರ್ ಸಾರ್.” ಅಷ್ಟು ವರ್ಷ ಕಾದಿದ್ದ ಮಾತು ಅದು. ನಯಾಜ್ ಎರಡನೇ ಪಂಕ್ತಿಯಲ್ಲಿ ಊಟ ಮುಗಿಸಿ ಬಂದು, ಗೋಡೆಯ ಮೇಲೆ ಒಮ್ಮೆ ಅಂಗೈ ಸವರಿ, ಬಗ್ಗಿ ಕೆಳಗಿನ ಸಾಲು ನೋಡಿ, ನನಗೆ ನಮಸ್ಕಾರ ಹೇಳಿ ಹೊರಟ. ಅವನ ಮುಖ ಸಪ್ಪಗಿದ್ದದ್ದು ಕಂಡು ನಾನು ಇನ್ನೊಂದು ಹೋಳಿಗೆ ಹಾಕಿಸಿಕೊಂಡೆ.

ಸಂತೋಷ ಮೂರು ವಾರ ನಡೆಯಿತು. ಆ ಮನೆಯ ಮುಖ ಪಶ್ಚಿಮಕ್ಕೆ. ಆಷಾಢದ ಗಾಳಿ ನಮ್ಮ ಕಡೆ ಹೇಗೆ ಬೀಸುತ್ತದೆ ಎಂಬುದು ಇಲ್ಲಿನವರಿಗೆ ಗೊತ್ತು. ಹಗಲಿಡೀ ಗಾಳಿ, ಮಧ್ಯಾಹ್ನದ ಮೇಲೆ ಎದುರು ಬಿಸಿಲು. ಹಲಗೆಯ ಹೊರಮೈ ಒಣಗಿ ಕುಗ್ಗಿತು. ಒಳಮೈ ಹಸಿ ಗೋಡೆಗೆ ಅಂಟಿಕೊಂಡು ನೀರು ಕುಡಿಯುತ್ತಲೇ ಇತ್ತು. ಒಂದೇ ಹಲಗೆಯ ಎರಡು ಮೈ ಎರಡು ಕಡೆ ಎಳೆದರೆ ಏನಾಗಬೇಕೋ ಅದೇ ಆಯಿತು.

ಒಂದು ದಿನ ನಯಾಜ್‌ನಿಂದ ಫೋನ್ ಬಂತು. “ಸಾರ್, ಸಿಸ್ಟರ್ ಮನೆ ಕಡೆ ಒಂದ್ಸಾರಿ ಹೋಗ್ಬನ್ನಿ. ನಂಗೆ ಫೋನ್ ಮಾಡಿದ್ರು. ನಾನು ಹೋದ್ರೆ ಚೆನ್ನಾಗಿರಲ್ಲ, ನೀವೇ ಹೋಗಿ.” ಗೋಡೆಯ ಚಿಂತೆಗಿಂತ ಮೊದಲು ನನಗೆ ತಟ್ಟಿದ್ದು, ಸಿಸ್ಟರ್ ಫೋನ್ ಮಾಡಿದ್ದು ನನಗಲ್ಲ, ಅವನಿಗೆ ಎಂಬುದು.

ಹೋಗಿ ನೋಡಿದೆ. ಹಲಗೆಗಳ ಅಂಚು ಮೇಲೆದ್ದು ನಡು ತಗ್ಗಾಗಿತ್ತು. ಕೆಲವು ಕಡೆ ಸ್ಕ್ರೂ ಪ್ಲಾಸ್ಟರ್ ಸಮೇತ ಕಿತ್ತು ಬಂದಿತ್ತು. ಹಲವು ಹಲಗೆ ತುದಿಯಿಂದ ನಡುವಿನವರೆಗೆ ಸೀಳಿದ್ದವು. ಕೆಳಗಿನ ಮೂರು ಸಾಲು ಎರಚಲು ಕುಡಿದು ಕಪ್ಪಗಾಗಿದ್ದವು. ಮಗಳು ತುಂಬಿದ ಹೊಟ್ಟೆ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದಳು.

“ಮಧ್ಯಾಹ್ನ ಎರಡು ಗಂಟೆಗೆ ಟಪ್ ಅಂತ ಸದ್ದು ಬರುತ್ತೆ ಸಾರ್,” ಎಂದರು ಸಿಸ್ಟರ್. “ಒಂದೊಂದು ಸದ್ದಿಗೂ ಒಂದೊಂದು ಹಲಗೆ. ಇನ್ನೊಂದು ಮರ ಎಲ್ಲಿಂದ ತರ್ಲಿ ನಾನು?”

ಜವಾಬ್ದಾರಿ ನನ್ನದು ಎಂದವನು ನಾನು. ಆಗ ನನ್ನ ಬಾಯಿಂದ ಬಂದ ಮಾತನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ. “ನಯಾಜ್ ಇಪ್ಪತ್ನಾಲ್ಕು ಹಲಗೆ ಇಟ್ಕೊಂಡಿದ್ದಾನೆ, ನಿಮ್ಗೆ ಗೊತ್ತಾ ಸಿಸ್ಟರ್? ಒಳ್ಳೇದೆಲ್ಲ ಆರಿಸ್ಕೊಂಡು ಕಳಪೆ ಮಾಲು ಕಳ್ಸಿದ್ದಾನೆ. ಅದಕ್ಕೇ ಹೀಗಾಗಿರೋದು,” ಎಂದೆ. ಸಿಸ್ಟರ್ ಕಾಫಿ ತರುತ್ತೇನೆ ಎಂದು ಒಳಗೆ ಹೋದವರು ಬಹಳ ಹೊತ್ತು ಬರಲಿಲ್ಲ. ನಾನು ಕಾಫಿ ಕುಡಿಯದೆ ಹೊರಟೆ.

ಆಗಸ್ಟ್‌ನಲ್ಲಿ ಮಗಳಿಗೆ ಹೆಣ್ಣು ಮಗು ಆಯಿತು. ಬಾಣಂತಿ ನೋಡಲು ಬಂದವರೆಲ್ಲ ಆ ಗೋಡೆಯನ್ನೂ ನೋಡಿಕೊಂಡು ಹೋಗುತ್ತಿದ್ದರಂತೆ. ನಾನು ಆ ಬೀದಿಗೆ ಹೋಗುವುದನ್ನೇ ಬಿಟ್ಟೆ. ಆದರೆ ನನ್ನ ಮಾತನ್ನು ನಿಜ ಮಾಡಿಕೊಳ್ಳುವ ಹಟ ಮಾತ್ರ ಬಿಡಲಿಲ್ಲ. ಆ ಹಲಗೆಯಲ್ಲಿ ನಯಾಜ್ ಬೇರೆ ಯಾರದೋ ಬಾಗಿಲು ಮಾಡಿರುತ್ತಾನೆ, ಕಣ್ಣಾರೆ ನೋಡಿ ಹಿಡಿಯಬೇಕು ಎಂದು ದೀಪಾವಳಿಯ ಹಿಂದಿನ ವಾರ, ಅವನು ಮಧ್ಯಾಹ್ನದ ನಮಾಜಿಗೆ ಹೋಗುವ ಹೊತ್ತು ನೋಡಿಕೊಂಡು ಅವನ ಶೆಡ್ಡಿಗೆ ಹೋದೆ. ಐವತ್ತಾರರ ವಯಸ್ಸಿನಲ್ಲಿ, ತಲೆ ನರೆತ ಇಂಜಿನಿಯರ್, ಕಳ್ಳನ ಹಾಗೆ.

ಹಲಗೆಗಳು ಮೂಲೆಯಲ್ಲಿದ್ದವು. ಇಪ್ಪತ್ನಾಲ್ಕಕ್ಕೆ ಇಪ್ಪತ್ನಾಲ್ಕೂ. ನೆಲದಿಂದ ಒಂದಡಿ ಎತ್ತರಕ್ಕೆ, ನಡುವೆ ರೀಪರ್ ಇಟ್ಟು, ಸೊಟ್ಟಗಾಗದಂತೆ ಮೇಲೆ ಚಪ್ಪಡಿ ಕಲ್ಲು ಹೇರಿ ಜೋಡಿಸಿದ್ದ. ತುದಿಗಳು ಸೀಳದಂತೆ ಉಳಿದ ಪೇಂಟು ಬಳಿದಿದ್ದ. ಪ್ರತಿ ಹಲಗೆಯ ಮೇಲೂ ಮರದ ಬುಡ ಯಾವ ಕಡೆ ಎಂದು ಒಂದು ಬಾಣದ ಗುರುತು. ಅದರ ಪಕ್ಕ ಸೀಸದ ಕಡ್ಡಿಯಲ್ಲಿ ವಕ್ರವಕ್ರವಾಗಿ ಬರೆದಿತ್ತು: ‘ಸರೋಜ ಸಿಸ್ಟರ್’.

ಹಲಗೆಗಳನ್ನು ಎರಡನೇ ಸಲ ಎಣಿಸುತ್ತಿದ್ದೆ. ಹಿಂದಿನಿಂದ ನಯಾಜ್‌ನ ದನಿ ಕೇಳಿತು.

“ಬುಡದ ಹಲಗೆ ಸಾರ್. ಬುಡದಾಗೆ ನೀರು ಜಾಸ್ತಿ, ಒಣಗೋಕೆ ಟೈಮ್ ಹಿಡೀತದೆ. ಅವತ್ತೇ ಹೇಳೋಕ್ ಬಂದೆ, ನೀವು ಫೋನ್‌ನಲ್ಲಿದ್ರಿ.”

ನನ್ನ ಮುಖ ಹುಳ್ಳಗಾಯಿತು. ಏನಾದರೂ ಹೇಳಬೇಕಲ್ಲ ಎಂದು, “ಮೀಟರ್ ಹದಿಮೂರು ತೋರಿಸ್ತಲ್ಲೋ ಅವತ್ತು,” ಎಂದೆ. “ಐತಾ ಈಗ ನಿಮ್ತಾವ?” ಎಂದು ಕೇಳಿದ. ಕಾರಿನಲ್ಲಿತ್ತು, ತಂದುಕೊಟ್ಟೆ. ಅವನು ಎರಡು ವಾರದ ಹಿಂದೆ ಕುಯ್ಯಿಸಿದ್ದ ಬೇರೆ ಯಾವುದೋ ಹಲಗೆ ಎತ್ತಿಕೊಂಡು ಮೇಲಕ್ಕೆ ಚುಚ್ಚಿದ. ಹದಿನಾಲ್ಕು. ಆಮೇಲೆ ಅದೇ ಹಲಗೆಯನ್ನು ಅಡ್ಡಕ್ಕೆ ಗರಗಸದಿಂದ ಎರಡು ತುಂಡು ಮಾಡಿ, ಕೊಯ್ದ ಜಾಗದ ನಟ್ಟನಡುವೆ ಮುಳ್ಳು ಚುಚ್ಚಿ ನನ್ನ ಕೈಗೆ ಕೊಟ್ಟ. ಇಪ್ಪತ್ತೈದು.

“ಮಷಿನ್ ಸುಳ್ಳು ಹೇಳಲ್ಲ ಸಾರ್,” ಎಂದ. “ನಾವು ಮೇಲ್ಮೇಲೆ ಕೇಳಿದ್ವಿ, ಅದು ಮೇಲ್ಮೇಲೆ ಹೇಳ್ತು.”

ಅಂದೇ ಸಂಜೆ ಸಿಸ್ಟರ್ ಮನೆಗೆ ಹೋದೆ. ನಯಾಜ್ ಮೇಲೆ ನಾನು ಹೇಳಿದ್ದು ಸುಳ್ಳು, ಹಲಗೆ ಹಾಳಾದದ್ದು ನನ್ನಿಂದ ಎಂದು ನಿಂತುಕೊಂಡೇ ಹೇಳಿದೆ. ಸಿಸ್ಟರ್ ಮೊಮ್ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ತಟ್ಟುತ್ತಿದ್ದರು.

“ಆ ಹಲಗೆ ವಿಷ್ಯ ನಂಗೆ ಜೂನ್‌ನಲ್ಲೇ ಗೊತ್ತಿತ್ತು ಸಾರ್. ನಯಾಜಣ್ಣಾನೇ ಕರ್ಕೊಂಡೋಗಿ ತೋರಿಸಿದ್ರು.”

“ಹಾಗಾದ್ರೆ ಅವತ್ತು ಯಾಕೆ ಸುಮ್ನಿದ್ರಿ? ಗೋಡೆ ವಿಷ್ಯಕ್ಕೂ ನನ್ನ ಮಾತು ಯಾಕೆ ಕೇಳಿದ್ರಿ?”

“ನೀವು ಮೀಟರ್ ಚುಚ್ಚಿ ನೋಡಿ ಹೋದ್ಮೇಲೆ ನಾನು ಅವರನ್ನೇ ಕೇಳ್ದೆ ಸಾರ್, ಏನ್ ಮಾಡ್ಲಿ ಅಂತ. ಅವ್ರು ಅಂದ್ರು, ‘ಒಂದ್ ಮನೆ ಕೆಲ್ಸಕ್ಕೆ ಇಬ್ರು ಯಜಮಾನ್ರು ಇರಬಾರ್ದು ಸಿಸ್ಟರ್. ಸಾರ್ ಹೇಳ್ದಂಗೆ ಮಾಡಿ. ಒಂದ್ವೇಳೆ ಹಾಳಾದ್ರೆ ಇಪ್ಪತ್ನಾಲ್ಕು ಹಲಗೆ ನನ್ ಹತ್ರ ಇರ್ತದೆ’ ಅಂತ.” ಮಗುವಿನ ಮೇಲಿನ ಬಟ್ಟೆ ಸರಿ ಮಾಡಿದರು. “ನೀವು ಅವ್ರ ಮೇಲೆ ಹಾಕಿದ ಮಾತನ್ನ ನಾನು ಅವ್ರಿಗೆ ಹೇಳಿಲ್ಲ. ಹೇಳೋದಿದ್ರೆ ನೀವೇ ಹೇಳಿ.”

ಹೇಳಲು ನನಗೆ ನಾಲ್ಕು ತಿಂಗಳು ಹಿಡಿಯಿತು. ಶೆಡ್ಡಿನ ಹಲಗೆ ಒಣಗಿದ ಮೇಲೆ, 2020ರ ಫೆಬ್ರವರಿಯಲ್ಲಿ, ಗೋಡೆಯ ಹಲಗೆ ಬಿಚ್ಚಿ ಮತ್ತೆ ಹೊದಿಸುವ ಕೆಲಸ ಶುರುವಾದ ದಿನ, ಮೊದಲ ಹಲಗೆಯ ಸ್ಕ್ರೂ ತೆಗೆಯುತ್ತಿದ್ದ ನಯಾಜ್‌ಗೆ ಹೇಳಿದೆ. ಅವನ ಕೈ ನಿಂತಿತು.

“ಕಳ್ಳ ಅಂದ್ರಾ ಸಾರ್?”

ನಾನು ಹೂಂ ಎಂದೆ. ಅವನು ಸ್ಕ್ರೂಡ್ರೈವರ್ ಅನ್ನು ಕಿಟಕಿಯ ಮೇಲಿಟ್ಟು, ಸಾಮಾನಿನ ಚೀಲ ಎತ್ತಿಕೊಂಡು, ಹಿಂದೆ ತಿರುಗಿ ನೋಡದೆ ಗೇಟು ದಾಟಿ ಹೋದ. ಮರುದಿನವೂ ಬರಲಿಲ್ಲ. ಹೆಂಡತಿಗೆ ಎಲ್ಲವನ್ನೂ ಹೇಳಿದೆ. ಈ ಸಲ ಅವಳು ನಗಲಿಲ್ಲ. “ನಾಳೆನೂ ಹೋಗಿ ಸೈಟಲ್ಲಿ ಕೂತ್ಕೊಳ್ಳಿ. ಬರದಿದ್ರೂ ಕೂತ್ಕೊಳ್ಳಿ,” ಎಂದಳು.

ಮೂರನೇ ದಿನ ಎಂಟೂವರೆಗೆ ಬಂದ. ನನ್ನ ಮುಖ ನೋಡಲಿಲ್ಲ. ಏಣಿ ಹಾಕಿದ. ಒಂದು ಹಲಗೆಯ ತುದಿ ಎತ್ತಿ ಹಿಡಿದು, “ಆ ಕಡೆ ಹಿಡ್ಕೊಳ್ಳಿ ಸಾರ್,” ಎಂದ. ಆ ದಿನ ಸಂಜೆಯವರೆಗೆ, ಆಮೇಲಿನ ಎಂಟು ದಿನವೂ, ನಾನು ಆ ಕಡೆ ಹಿಡಿದುಕೊಂಡೆ. ಹಳೆಯ ಎಂಬತ್ತನಾಲ್ಕರಲ್ಲಿ ಮೂವತ್ತೊಂದು ಕೆಟ್ಟಿದ್ದವು, ಐವತ್ತಮೂರು ಉಜ್ಜಿ ಬಳಸುವ ಹಾಗಿದ್ದವು. ಶೆಡ್ಡಿನ ಇಪ್ಪತ್ನಾಲ್ಕು ಸೇರಿ ಎಪ್ಪತ್ತೇಳು. ಕೆಳಗೆ ಒಂದೂವರೆ ಅಡಿ ಕಲ್ಲು ಬಂದದ್ದರಿಂದ ಎಪ್ಪತ್ತೊಂದು ಸಾಕಾಯಿತು. ಹಿಂದೆ ರೀಪರ್ ಬಂತು, ಗಾಳಿಗೆ ದಾರಿ ಬಂತು. ಬುಡದ ಹಲಗೆಗಳನ್ನು ಗೇಟು ತೆಗೆದರೆ ಎದುರಿಗೇ ಕಾಣುವಂತೆ ನಡುವಿನ ಸಾಲುಗಳಿಗೆ ಹಾಕಿದ. ಉಳಿದ ಆರರಲ್ಲಿ ಮುಂಬಾಗಿಲ ಪಕ್ಕಕ್ಕೆ ಒಂದು ಬೆಂಚು ಮಾಡಿಕೊಟ್ಟ. ಕೆಲಸ ಮುಗಿದ ಸಂಜೆ ಸಿಸ್ಟರ್ ಅದರ ಮೇಲೆ ಮೊಮ್ಮಗಳನ್ನು ಕೂರಿಸಿಕೊಂಡು ಕೂತರು. ನಯಾಜ್ ನನ್ನ ಜೊತೆ ಮೊದಲಿನ ಹಾಗೆ ಮಾತಾಡಿದ್ದು ಅದಾದ ಆರು ತಿಂಗಳಿಗೆ.

ಆಮೇಲೆ ಹಲವು ಆಷಾಢಗಳು ಕಳೆದವು. ಗೋಡೆ ಈಗ ಬೆಲ್ಲದ ಬಣ್ಣಕ್ಕೆ ತಿರುಗಿದೆ. ಒಂದು ಸೀಳೂ ಇಲ್ಲ. ಹೊರಗೋಡೆಗೆ ಮರ ಹಾಕಿಸಬೇಕು ಎಂದು ನನ್ನ ಬಳಿ ಬರುವವರಿಗೆ ಯಾವ ಮರ ಎಂಬುದನ್ನು ಕೊನೆಗೆ ಹೇಳುತ್ತೇನೆ. ಮೊದಲು ಹೇಳುವುದು ಇಷ್ಟು: ನಿಮ್ಮ ಹತ್ತಿರ ಸಿಗುವ ಮರ ತೆಗೆದುಕೊಳ್ಳಿ, ಹಲಗೆಯನ್ನು ಅಡ್ಡ ಕೊಯ್ದು ನಡುವಿನ ತೇವ ನೋಡಿ, ನಿಮ್ಮ ಮುಹೂರ್ತವನ್ನು ಮರದ ಮೇಲೆ ಹೇರಬೇಡಿ. ಒಣಗಿಲ್ಲ ಎಂದು ಹೇಳುವ ಬಡಗಿ ಸಿಕ್ಕರೆ, ಅವನು ಎಷ್ಟೇ ಕಿರಿಕಿರಿ ಮಾಡಿದರೂ, ಅವನ ಮಾತು ಕೇಳಿ. ಇಪ್ಪತ್ತೊಂಬತ್ತು ವರ್ಷ ಕೆಲಸ ಮಾಡಿ ನಾನು ಕಲಿಯದೇ ಉಳಿದಿದ್ದ ಪಾಠ ಅದು.

ನನ್ನ ಹೊಟ್ಟೆಕಿಚ್ಚು ಆರಿತು ಎಂದು ಬರೆದರೆ ಹೆಂಡತಿ ಮತ್ತೆ ನಗುತ್ತಾಳೆ. ಕಳೆದ ತಿಂಗಳು ಅದೇ ಬೀದಿಯಲ್ಲಿ ಒಂದು ಹೊಸ ಸೈಟು ನೋಡಲು ಹೋಗಿದ್ದೆ. ಬೈಕಿನಲ್ಲಿ ಬಂದ ಒಬ್ಬರು ಗಾಡಿ ನಿಲ್ಲಿಸಿ, “ಇಲ್ಲಿ ಸರೋಜ ಸಿಸ್ಟರ್ ಮನೆ ಯಾವ್ದು ಸಾರ್?” ಎಂದು ಕೇಳಿದರು. ಆ ಮನೆಯ ಪಾಯ ನನ್ನದು, ಪಿಲ್ಲರ್ ನನ್ನದು, ಗಾಳಿ ಬೆಳಕಿನ ಲೆಕ್ಕ ನನ್ನದು. ಹೊಟ್ಟೆ ಒಂದು ಸಲ ಉರಿಯಿತು.

“ಮುಂದೆ ಹೋಗಿ, ಎಡಗಡೆ ಮೂರನೇದು,” ಎಂದೆ. “ನಯಾಜ್ ಮೇಸ್ತ್ರಿ ಮನೆ ಅಂತ ಕೇಳಿ, ಯಾರಾದ್ರೂ ತೋರಿಸ್ತಾರೆ.”